ಚೋಟುದ್ದದ ಕೋರಿಗೆ ಗುಡ್ಡದ ತೀರ್ಪು

ಬಂಡೆಯನ್ನು ಅದರ ಬಲ ಅಳೆದು ವರ್ಗೀಕರಿಸುವ ಪದ್ಧತಿ ಎಂಜಿನಿಯರಿಂಗ್ ಲೋಕದಲ್ಲಿ ಎಷ್ಟು ಬೇರೂರಿದೆಯೆಂದರೆ, ಅದು ಪ್ರಶ್ನಿಸಬಹುದಾದ ಒಂದು ಅಭಿಪ್ರಾಯ ಎಂಬುದೇ ಬಹುಮಂದಿಗೆ ಮರೆತುಹೋಗಿದೆ. ಅಣೆಕಟ್ಟಿನ ತಳಪಾಯವಾಗಲಿ, ಸುರಂಗವಾಗಲಿ, ಹೆದ್ದಾರಿಗಾಗಿ ಕಡಿದ ಗುಡ್ಡದ ಮಗ್ಗುಲಾಗಲಿ, ಕ್ರಮ ಒಂದೇ. ಬೋರ್ ಕೊರೆದು ಕೋರ್, ಅಂದರೆ ಉರುಳೆಯಾಕಾರದ ಶಿಲಾಕಂಬ, ತೆಗೆಯುತ್ತಾರೆ. ಅದರಲ್ಲಿ ಕೆಲವು ತುಂಡುಗಳನ್ನು ಪ್ರಯೋಗಾಲಯಕ್ಕೆ ಕಳಿಸಿ ಯಂತ್ರದಲ್ಲಿ ಅಮುಕಿ ಒಡೆಸುತ್ತಾರೆ. ಬಂದ ಅಂಕಿಯನ್ನು ಕೋಷ್ಟಕದಲ್ಲಿ ಹುಡುಕುತ್ತಾರೆ. ಅಂತರರಾಷ್ಟ್ರೀಯ ಶಿಲಾಬಲವಿಜ್ಞಾನ ಸಂಘದ ಕೋಷ್ಟಕದ ಪ್ರಕಾರ 50ರಿಂದ 100 ಮೆಗಾಪಾಸ್ಕಲ್ ತಡೆದರೆ ‘ಬಲವಾದ’ ಶಿಲೆ, 100ರಿಂದ 250ರವರೆಗೆ ‘ಬಹಳ ಬಲವಾದ’ ಶಿಲೆ. ಇಷ್ಟರಲ್ಲಿ ತಪ್ಪೇನೂ ಇಲ್ಲ. ತಪ್ಪು ನಡೆಯುವುದು ವರದಿಯ ಮುಂದಿನ ಪುಟಗಳಲ್ಲಿ. ‘ಬಹಳ ಬಲವಾದ ಶಿಲೆ’ ಎಂಬ ಮಾತು ಯಾವ ಸಾಕ್ಷ್ಯವೂ ಇಲ್ಲದೆ ‘ಒಳ್ಳೆಯ ನೆಲ’ ಎಂದು ಬದಲಾಗುತ್ತದೆ. ಅಲ್ಲಿಂದ ಮುಂದೆ ಆಧಾರದ ಕಮಾನುಗಳ ಅಂತರ, ಇಳಿಜಾರಿನ ಕೋನ, ಅಂದಾಜು ವೆಚ್ಚ ಎಲ್ಲವೂ ಆ ಮಾತಿನ ನೆರಳಲ್ಲೇ ಸಾಗುತ್ತವೆ.

ಕಲ್ಲಿನ ತುಂಡು ಬೇರೆ, ಶಿಲಾರಾಶಿ ಬೇರೆ. ಶಿಲಾರಾಶಿ ಎಂದರೆ ನೆಲದೊಳಗೆ ಇದ್ದಲ್ಲೇ ಇರುವ ಬಂಡೆ: ಬಿರುಕು, ಪದರ, ಸ್ತರಭಂಗ, ಅವುಗಳ ಸಂದಿನಲ್ಲಿ ತುಂಬಿದ ಜೇಡಿ, ಒಳಗೆ ಹರಿಯುವ ನೀರು, ಮೇಲಿನಿಂದಲೂ ಪಕ್ಕದಿಂದಲೂ ಒತ್ತುವ ಭಾರ, ಎಲ್ಲ ಸೇರಿದ್ದು. ಬಲಪರೀಕ್ಷೆ ಅಳೆಯುವುದು ಈ ಎಲ್ಲವನ್ನೂ ಕಳೆದುಕೊಂಡು ಉಳಿದ ತುಂಡನ್ನು. ಈ ವ್ಯತ್ಯಾಸ ಗೊತ್ತಿಲ್ಲದ ಎಂಜಿನಿಯರ್ ಇಲ್ಲ. ಅದರಂತೆ ನಡೆದುಕೊಳ್ಳುವವರು ಮಾತ್ರ ವಿರಳ.

ಪದ್ಧತಿಯ ಮೂಲ ಕೆದಕಿದರೆ, ಅದನ್ನು ರೂಪಿಸಿದವರ ಮೇಲೆ ದೂರು ಹೊರಿಸುವುದು ಕಷ್ಟ. ರಷ್ಯಾದ ಗಣಿ ಎಂಜಿನಿಯರ್ ಪ್ರೊಟೊಡ್ಯಾಕನೋವ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಟ್ಟ ಗುಣಾಂಕ, ಚದರ ಸೆಂಟಿಮೀಟರಿಗೆ ಕಿಲೋಗ್ರಾಂ ಲೆಕ್ಕದ ಬಲವನ್ನು 100ರಿಂದ ಭಾಗಿಸಿದರೆ ಸಿಗುವಷ್ಟು ಸರಳವಾಗಿತ್ತು; ಗಣಿಗಳಲ್ಲಿ ಅದಕ್ಕೆ ಉಪಯೋಗವೂ ಇತ್ತು. 1966ರಲ್ಲಿ ಡೀರ್ ಮತ್ತು ಮಿಲ್ಲರ್ ಬಲವನ್ನೂ ಸ್ಥಿತಿಸ್ಥಾಪಕತೆಯನ್ನೂ ಜೋಡಿಸಿ ವರ್ಗೀಕರಣ ಮಾಡಿದಾಗ, ಅದು ಬಿರುಕಿಲ್ಲದ ಶಿಲೆಗೆ ಮಾತ್ರ ಎಂದು ವರದಿಯ ಶೀರ್ಷಿಕೆಯಲ್ಲೇ ಬರೆದಿದ್ದರು. ಸುರಂಗದ ಆಧಾರಕ್ಕಾಗಿ 1946ರಲ್ಲಿ ಕಾರ್ಲ್ ಟರ್ಜಾಗಿ ಕೊಟ್ಟ ವರ್ಗೀಕರಣದಲ್ಲಂತೂ ಬಲಪರೀಕ್ಷೆಯ ಅಂಕಿಯೇ ಇಲ್ಲ. ಬಂಡೆ ಇಡಿಯಾಗಿದೆಯೇ, ಪದರಪದರವಾಗಿದೆಯೇ, ಗಟ್ಟಿಗಳಾಗಿ ಒಡೆದಿದೆಯೇ, ನುಜ್ಜುಗುಜ್ಜಾಗಿದೆಯೇ, ಒತ್ತಿಕೊಂಡು ಬರುತ್ತದೆಯೇ, ಉಬ್ಬುತ್ತದೆಯೇ ಎಂಬ ವಿವರಣೆಯಲ್ಲೇ ಅದು ನಿಲ್ಲುತ್ತದೆ. ಎಂಟು ದಶಕಗಳ ಹಿಂದೆ ಸ್ಪಷ್ಟವಾಗಿದ್ದ ವಿಷಯ ಅಳತೆಯ ಯಂತ್ರಗಳು ಸುಧಾರಿಸಿದಂತೆಲ್ಲ ಮಸುಕಾಯಿತು ಎನ್ನಬೇಕಾಗುತ್ತದೆ.

ಪರೀಕ್ಷೆಯನ್ನೇ ಹತ್ತಿರದಿಂದ ನೋಡಬೇಕು. ಸಾಮಾನ್ಯ ಕೋರಿನ ವ್ಯಾಸ ಸುಮಾರು 54 ಮಿಲಿಮೀಟರ್. ಅಂತರರಾಷ್ಟ್ರೀಯ ಸಂಘದ ಸೂಚನೆಯಂತೆ ಮಾದರಿಯ ಉದ್ದ ವ್ಯಾಸದ ಎರಡೂವರೆಯಿಂದ ಮೂರು ಪಟ್ಟು ಇರಬೇಕು. ಎಂದರೆ ಕನಿಷ್ಠ 13.5 ಸೆಂಟಿಮೀಟರ್, ಒಂದು ಚೋಟು. ಅದರ ಎರಡೂ ತುದಿಗಳನ್ನು ಸಮತಟ್ಟಾಗಿ ಉಜ್ಜಿ, ಉಕ್ಕಿನ ಫಲಕಗಳ ನಡುವೆ ನಿಲ್ಲಿಸಿ, ಒಡೆಯುವವರೆಗೆ ಕೆಲವು ನಿಮಿಷ ಭಾರ ಏರಿಸುತ್ತಾರೆ. ಈಗ ಕೋರ್ ಪೆಟ್ಟಿಗೆಯತ್ತ ತಿರುಗಿದರೆ ಕಾಣುವುದೇ ಬೇರೆ. ಒಂದು ಸಾಲಿನಲ್ಲಿ ನಾಲ್ಕೈದು ಉದ್ದನೆಯ ತುಂಡುಗಳು, ನಡುನಡುವೆ ಬೆರಳುದ್ದದ ಚೂರುಗಳು, ಒಂದಷ್ಟು ಪುಡಿ, ‘ಕೋರ್ ಸಿಗಲಿಲ್ಲ’ ಎಂದು ಬರೆದ ಮರದ ಗೂಟ. ಪರೀಕ್ಷೆಗೆ ಹೋಗುವುದು ಉದ್ದನೆಯ ತುಂಡು. ಬೇರೆ ದಾರಿಯೂ ಇಲ್ಲ: ಚೋಟುದ್ದಕ್ಕಿಂತ ಕಡಿಮೆ ಅಂತರದಲ್ಲಿ ಬಿರುಕುಬಿಟ್ಟ ಬಂಡೆಯಿಂದ ಒಂದೇ ಒಂದು ಯೋಗ್ಯ ಮಾದರಿಯೂ ಸಿಗದು. ಸುರಂಗದ ಚಾವಣಿ ಕುಸಿಯುವುದು ಯಾವ ಜಾಗದಲ್ಲೋ ಆ ಜಾಗದ ಕಲ್ಲು ಪರೀಕ್ಷೆಯ ಪಟ್ಟಿಯಲ್ಲೇ ಇರುವುದಿಲ್ಲ. ಆಮೇಲೆ ಉಳಿದ ಮಾದರಿಗಳ ಸರಾಸರಿ ತೆಗೆದು, ಅದಕ್ಕೊಂದು ವಿಚಲನೆಯನ್ನೂ ಲೆಕ್ಕಹಾಕಿ, ಫಲಿತಾಂಶವನ್ನು ದಶಮಾಂಶ ಸ್ಥಾನದವರೆಗೆ ಅಚ್ಚುಹಾಕುತ್ತಾರೆ. ಮೊದಲೇ ಸೋಸಿದ ಮಾದರಿಗೆ ಸಂಖ್ಯಾಶಾಸ್ತ್ರದ ಎಷ್ಟು ಹೊದಿಕೆ ಹೊದಿಸಿದರೂ ಸೋಸಿದ್ದು ಸೋಸಿದ್ದೇ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕೆಂಬ ಮಾತನ್ನು ಈ ಪದ್ಧತಿಯ ಸಮರ್ಥಕರು ಬಂಡೆಗೂ ಅನ್ವಯಿಸುತ್ತಾರೆ. ಅಗುಳಿನ ಲೆಕ್ಕ ನಡೆಯುವುದು ಎಲ್ಲ ಅಗುಳೂ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿರುವುದರಿಂದ. ಬಂಡೆಯ ವಿಷಯದಲ್ಲಿ ಆ ಭರವಸೆ ಇಲ್ಲ. ಒಂದೇ ಬೋರಿನಲ್ಲಿ ಹತ್ತು ಮೀಟರ್ ಅಂತರದಲ್ಲಿ ತೆಗೆದ ಎರಡು ತುಂಡುಗಳಲ್ಲಿ ಒಂದರ ಬಲ ಇನ್ನೊಂದರ ದುಪ್ಪಟ್ಟಾಗಿರುವುದು ಮಾಮೂಲು.

ತುಂಡಿನಿಂದ ರಾಶಿಗೆ ಹೋಗುವಾಗ ಬಲ ಎಷ್ಟು ಕುಸಿಯುತ್ತದೆ ಎಂಬುದನ್ನು ಲೆಕ್ಕದಲ್ಲೇ ನೋಡಬಹುದು. ಗಾತ್ರ ಹೆಚ್ಚಿದಂತೆ ಕಲ್ಲಿನ ಬಲ ಸ್ವಲ್ಪ ತಗ್ಗುತ್ತದೆ. ಹೋಕ್ ಮತ್ತು ಬ್ರೌನ್ 1980ರಲ್ಲಿ ಕೊಟ್ಟ ಸೂತ್ರದಂತೆ 50 ಮಿಲಿಮೀಟರ್ ವ್ಯಾಸದಿಂದ 200 ಮಿಲಿಮೀಟರಿಗೆ ಹೋದರೆ ನಷ್ಟ ಸುಮಾರು ಶೇ. 22. ಇದನ್ನು ಸುರಕ್ಷತಾ ಗುಣಾಂಕದಲ್ಲಿ ನುಂಗಿಕೊಳ್ಳಬಹುದು. ಬಿರುಕುಗಳಿಂದಾಗುವ ನಷ್ಟ ಬೇರೆಯೇ ಪ್ರಮಾಣದ್ದು. ಹೋಕ್ 1990ರ ದಶಕದಲ್ಲಿ ತಂದ ಭೂವೈಜ್ಞಾನಿಕ ಬಲಸೂಚಿ, ಅಂದರೆ ಜಿಎಸ್‌ಐ, 50 ಇರುವ ಸಾಧಾರಣ ಬಂಡೆಯನ್ನು ತೆಗೆದುಕೊಂಡರೆ, 100 ಮೆಗಾಪಾಸ್ಕಲ್ ಬಲದ ಕಲ್ಲಿನಿಂದಾದ ರಾಶಿಗೆ ಹೋಕ್-ಬ್ರೌನ್ ಸೂತ್ರ ಕೊಡುವ ಏಕಾಕ್ಷ ಬಲ ಸುಮಾರು 6 ಮೆಗಾಪಾಸ್ಕಲ್. ಸೂಚಿ 30ಕ್ಕೆ ಇಳಿದರೆ ಅದು 2ಕ್ಕೂ ಕೆಳಗೆ. ಐಐಟಿ ದೆಹಲಿಯ ಟಿ. ರಾಮಮೂರ್ತಿ ಮತ್ತು ಅರೋರಾ ಬಿರುಕಿನ ಸಂಖ್ಯೆ, ವಾಲು, ಒರಟುತನ ಮೂರನ್ನೂ ಸೇರಿಸಿ ಕಟ್ಟಿದ ಬಿರುಕು ಗುಣಕದ ಸೂತ್ರವೂ ಇದೇ ದಿಕ್ಕಿನಲ್ಲಿದೆ: ಗುಣಕ 100 ಇದ್ದರೆ ಮೂಲ ಬಲದ ಶೇ. 45 ಉಳಿಯುತ್ತದೆ, 300 ಆದರೆ ಶೇ. 9 ಮಾತ್ರ. ತುಂಡಿನ ಬಲ ದುಪ್ಪಟ್ಟಾದರೆ ರಾಶಿಯ ಬಲವೂ ದುಪ್ಪಟ್ಟು, ನಿಜ. ಆದರೆ ಬಿರುಕಿನ ಸ್ಥಿತಿಯಲ್ಲಿ ಒಂದು ಹಂತದ ವ್ಯತ್ಯಾಸ ಮೂರೂವರೆ ಪಟ್ಟು ಏರುಪೇರು ಮಾಡುವಾಗ, ದುಬಾರಿ ಶ್ರದ್ಧೆಯೆಲ್ಲ ತುಂಡಿನ ಮೇಲೆ ಖರ್ಚಾಗುವುದಕ್ಕೆ ಸಮರ್ಥನೆ ಇಲ್ಲ.

ದಿಕ್ಕಿನ ಪ್ರಶ್ನೆಯೂ ಇದೆ. ನೈಸ್, ಶಿಸ್ಟ್‌ನಂಥ ಪದರುಶಿಲೆಗಳಲ್ಲಿ ಪದರಕ್ಕೂ ಭಾರದ ದಿಕ್ಕಿಗೂ ನಡುವಿನ ಕೋನ ಸುಮಾರು 30 ಡಿಗ್ರಿ ಇದ್ದಾಗ ಬಲ ಕನಿಷ್ಠ. ಅದೇ ಶಿಲೆ ಪದರಕ್ಕೆ ಅಡ್ಡವಾಗಿ ಅಮುಕಿದಾಗ ಎಷ್ಟೋ ಪಟ್ಟು ಹೆಚ್ಚು ತಡೆಯುತ್ತದೆ. ಕೋರ್ ಬಂದದ್ದು ಬೋರ್ ಯಂತ್ರ ನಿಂತ ದಿಕ್ಕಿನಿಂದಲೇ ಹೊರತು ಕಟ್ಟಡದ ಭಾರ ಬೀಳುವ ದಿಕ್ಕಿನಿಂದಲ್ಲ. ಬೆಂಗಳೂರು ಸುತ್ತಲಿನ ಕ್ವಾರಿಗಳಲ್ಲಿ ಉಳಿ ಹಿಡಿದು ಚಪ್ಪಡಿ ಎಬ್ಬಿಸುವ ಕೆಲಸಗಾರ ಕಲ್ಲು ಯಾವ ಕಡೆ ಸಲೀಸಾಗಿ ಸೀಳುತ್ತದೆ ಎಂದು ನೋಡಿಕೊಂಡೇ ಮೊದಲ ಏಟು ಹಾಕುತ್ತಾನೆ. ಅಷ್ಟು ವಿಚಾರವೂ ಬಹುತೇಕ ಪ್ರಯೋಗಾಲಯ ವರದಿಗಳ ಕೋಷ್ಟಕದಲ್ಲಿ ದಾಖಲಾಗುವುದಿಲ್ಲ.

ಯಂತ್ರದ ಪರೀಕ್ಷೆಯೇ ಹೀಗಾದರೆ ಅದರ ಅಗ್ಗದ ಬದಲಿಗಳ ಕಥೆ ಇನ್ನೂ ಕಳಪೆ. ಎರಡು ಮೊನೆಗಳ ನಡುವೆ ಕಲ್ಲನ್ನು ಹಿಡಿದು ಒಡೆಯುವ ಬಿಂದುಭಾರ ಪರೀಕ್ಷೆಯ ಸೂಚ್ಯಂಕವನ್ನು 22ರಿಂದಲೋ 24ರಿಂದಲೋ ಗುಣಿಸಿ ‘ಬಲ’ ಎಂದು ಬರೆಯುವುದು ರೂಢಿ. ಅಂತರರಾಷ್ಟ್ರೀಯ ಸಂಘ 1985ರಲ್ಲೇ ಈ ಗುಣಕ 15ರಿಂದ 50ರವರೆಗೆ ಬದಲಾಗಬಹುದು, ಪದರುಶಿಲೆಗಳಲ್ಲಿ ವಿಶೇಷವಾಗಿ, ಎಂದು ಎಚ್ಚರಿಸಿತ್ತು. ಅಂದರೆ ಒಂದೇ ಓದಿನಿಂದ 60 ಎಂದೂ ಬರೆಯಬಹುದು, 200 ಎಂದೂ ಬರೆಯಬಹುದು. ಕಾಂಕ್ರೀಟಿಗಾಗಿ ಹುಟ್ಟಿದ ಶ್ಮಿಟ್ ಸುತ್ತಿಗೆಯ ಪುಟಿತವನ್ನು ಬಲಕ್ಕೆ ಪರಿವರ್ತಿಸುವ ನಕ್ಷೆಗಳದ್ದೂ ಇದೇ ಹಣೆಬರಹ.

ದೊಡ್ಡ ದುರಂತಗಳ ದಾಖಲೆ ಈ ಪದ್ಧತಿಯ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಫ್ರಾನ್ಸ್‌ನ ಮಾಲ್ಪಾಸೆ ಕಮಾನು ಅಣೆಕಟ್ಟು 1959ರ ಡಿಸೆಂಬರ್ 2ರ ರಾತ್ರಿ ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ಕಾಂಕ್ರೀಟಿನಲ್ಲಿ ದೋಷ ಸಿಗಲಿಲ್ಲ; ಎಡದಂಡೆಯ ನೈಸ್ ಶಿಲೆ ಭಾರಕ್ಕೆ ಪುಡಿಯಾಗಲೂ ಇಲ್ಲ. ಪದರಗಳ ದಿಕ್ಕು ಮತ್ತು ಅಣೆಕಟ್ಟಿನ ಕೆಳಗಡೆಯ ಒಂದು ಸ್ತರಭಂಗ ಸೇರಿ ಬಂಡೆಯೊಳಗೆ ಒಂದು ದೊಡ್ಡ ಬೆಣೆಯನ್ನು ಬಿಡಿಸಿಟ್ಟಿದ್ದವು. ನಂತರದ ಪ್ರಯೋಗಗಳು ಇನ್ನೊಂದು ವಿಷಯ ತೋರಿಸಿದವು: ಒತ್ತಡ ಬಿದ್ದಾಗ ಆ ನೈಸ್‌ನ ಸೂಕ್ಷ್ಮ ಬಿರುಕುಗಳು ಮುಚ್ಚಿಕೊಂಡು ನೀರಿನ ಹರಿವು ವಿಪರೀತ ಕುಗ್ಗುತ್ತದೆ. ಅಣೆಕಟ್ಟಿನ ಒತ್ತೇ ನೆಲದೊಳಗೆ ನೀರಿಗೆ ಗೋಡೆ ಕಟ್ಟಿತು, ಅದರ ಹಿಂದೆ ನಿಂತ ನೀರಿನ ಒತ್ತಡ ಬೆಣೆಯನ್ನು ಎತ್ತಿ ತಳ್ಳಿತು ಎಂಬುದು ಇಂದಿಗೂ ಪ್ರಬಲವಾದ ವಿವರಣೆ. ಆ ಕಲ್ಲಿನ ಎಷ್ಟು ತುಂಡು ಅಮುಕಿ ನೋಡಿದ್ದರೂ ಇದರ ಸುಳಿವು ಸಿಗುತ್ತಿರಲಿಲ್ಲ.

ಇಟಲಿಯ ವಾಯೊಂಟ್‌ನಲ್ಲಿ 1963ರ ಅಕ್ಟೋಬರ್ 9ರಂದು ಜಲಾಶಯಕ್ಕೆ ಜಾರಿದ್ದು ಸುಮಾರು 27 ಕೋಟಿ ಘನಮೀಟರ್ ಗುಡ್ಡ. ಎದ್ದ ಅಲೆಗೆ ಸಿಕ್ಕಿ ಸತ್ತವರು ಸುಮಾರು 2,000. ಗುಡ್ಡ ಸುಣ್ಣಕಲ್ಲಿನದು, ಕೋಷ್ಟಕದ ಭಾಷೆಯಲ್ಲಿ ಬಲವಾದದ್ದೇ. ಜಾರಿದ್ದು ಆ ಸುಣ್ಣಕಲ್ಲಿನ ಪದರಗಳ ನಡುವಿನ ತೆಳು ಜೇಡಿ ಗೆರೆಗಳ ಮೇಲೆ. ಅಂಥ ಗೆರೆ ಕೋರ್ ಕೊರೆಯುವಾಗ ನೀರಲ್ಲಿ ತೊಳೆದುಹೋಗುತ್ತದೆ. ಪೆಟ್ಟಿಗೆಯಲ್ಲಿ ಉಳಿಯುವುದು ಎರಡು ಗಟ್ಟಿ ತುಂಡುಗಳ ನಡುವಿನ ಒಂದು ಸಾಧಾರಣ ಮುರಿತ.

ಕ್ಯಾಲಿಫೋರ್ನಿಯಾದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟಿನದು ಇನ್ನೊಂದು ಬಗೆ. 1928ರ ಮಾರ್ಚ್ 12ರ ಮಧ್ಯರಾತ್ರಿಯ ಹೊತ್ತಿಗೆ ಅದು ಕುಸಿಯಿತು. ಅದರ ಪಶ್ಚಿಮ ದಂಡೆಯ ಕೆಂಪು ಕಲ್ಲು, ಉರುಟುಗಲ್ಲುಗಳು ಕೂಡಿ ಗಟ್ಟಿಯಾದ ಶಿಲೆ, ಒಣಗಿದ್ದಾಗ ಕೈಯಲ್ಲಿ ಹಿಡಿದರೆ ಕಲ್ಲೇ. ದುರಂತದ ತನಿಖೆ ನಡೆಸಿದವರು ಅದರ ತುಂಡನ್ನು ನೀರಲ್ಲಿ ಹಾಕಿ ನೋಡಿದಾಗ ಗುಳ್ಳೆ ಬಿಡುತ್ತ ಕರಗಿ ತಳದಲ್ಲಿ ಕೆಸರು, ಮರಳಾಗಿ ಕುಳಿತಿತು. ಪೂರ್ವ ದಂಡೆಯಲ್ಲಿದ್ದದ್ದು ಅಭ್ರಕ ತುಂಬಿದ ಶಿಸ್ಟ್, ಅದೂ ಹಿಂದೆಂದೋ ಜಾರಿದ ಭೂಕುಸಿತದ ಮೈ. ಕುಸಿತ ಅಲ್ಲಿಂದಲೇ ಶುರುವಾಯಿತೆಂದು ಈಚಿನ ಅಧ್ಯಯನಗಳು ಹೇಳುತ್ತವೆ. ನೀರಿನಲ್ಲಿ ಕಲ್ಲು ಎಷ್ಟು ತಾಳುತ್ತದೆ ಎಂದು ನೋಡುವ ಪರೀಕ್ಷೆಯನ್ನು ಫ್ರಾಂಕ್ಲಿನ್ ಮತ್ತು ಚಂದ್ರ 1972ರಲ್ಲಿ ಪ್ರಕಟಿಸಿದರು. ಅದಕ್ಕೆ ತಗಲುವ ವೆಚ್ಚ ಅಲ್ಪ. ಆದರೂ ಒಣ ತುಂಡನ್ನು ಅಮುಕುವ ಪರೀಕ್ಷೆಗೆ ಸಿಗುವ ಮನ್ನಣೆ ಅದಕ್ಕೆ ಸಿಕ್ಕಿಲ್ಲ.

ಕರ್ನಾಟಕದ ನೆಲವೂ ಈ ವಾದಕ್ಕೆ ಬೇಕಾದಷ್ಟು ಸಾಮಗ್ರಿ ಒದಗಿಸುತ್ತದೆ. ಬೆಂಗಳೂರಿನ ಕೆಳಗಿರುವುದು ಲಾಲ್‌ಬಾಗ್ ಗುಡ್ಡದಲ್ಲಿ ತಲೆಯೆತ್ತಿರುವ, ಸುಮಾರು 300 ಕೋಟಿ ವರ್ಷ ಹಳೆಯ ಪರ್ಯಾಯದ್ವೀಪ ನೈಸ್. ಅದು ಬಿರುಕುಗಳ ಉದ್ದಕ್ಕೂ ಶಿಥಿಲವಾಗುತ್ತ ಬಂದಿರುವುದರಿಂದ ಎಷ್ಟೋ ಕಡೆ ನೆಲದೊಳಗೆ ಮಣ್ಣಿನ ನಡುವೆ ದುಂಡು ಬಂಡೆಗಳು ಹೂತು ಕುಳಿತಿವೆ. ಬೋರ್ ಅಂಥದ್ದೊಂದು ದುಂಡುಬಂಡೆಯನ್ನು ತೂರಿದರೆ ಪ್ರಯೋಗಾಲಯದಿಂದ 100 ಮೆಗಾಪಾಸ್ಕಲ್ ಮೀರಿದ ಅಂಕಿ ಬರುತ್ತದೆ; ಒಂದು ಮಾರು ಪಕ್ಕದಲ್ಲಿ ಕೊರೆದಿದ್ದರೆ ಕೈಯಲ್ಲಿ ಹಿಸುಕಬಹುದಾದ ಶಿಥಿಲ ಮಣ್ಣು. ಎರಡರ ಸರಾಸರಿ ತೆಗೆದರೆ ಸಿಗುವ ಬಂಡೆ ಊರಿನಲ್ಲೆಲ್ಲೂ ಇಲ್ಲ. ನಮ್ಮ ಮೆಟ್ರೋ ಸುರಂಗ ಕೊರೆಯುವ ಯಂತ್ರಗಳನ್ನು ಹೈರಾಣು ಮಾಡಿದ್ದು ಕಲ್ಲಿನ ಗಟ್ಟಿತನವೊಂದೇ ಅಲ್ಲ. ಒಂದೇ ಮುಖದಲ್ಲಿ ಅರ್ಧ ಬಂಡೆ ಅರ್ಧ ಮಣ್ಣು ಎದುರಾಗಿ, ತಿರುಗುವ ಕಟರುಗಳು ಮಣ್ಣಿನಿಂದ ಬಂಡೆಗೆ ಪ್ರತಿ ಸುತ್ತಿನಲ್ಲೂ ಬಡಿಯುವ ಸ್ಥಿತಿ. ಅದನ್ನು ಹೇಳುವ ಅಂಕಿ ಬಲದ ಕೋಷ್ಟಕದಲ್ಲಿ ಇಲ್ಲ.

ಕರಾವಳಿಗೆ ಇಳಿದರೆ ಮೇಲೆ ಮುರಕಲ್ಲು, ಕೆಳಗೆ ಶೇಡಿ ಮಣ್ಣು. ಮುರಕಲ್ಲನ್ನು ನೆಲದಿಂದ ಕಡಿದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದು ಒಣಗಿದಂತೆ ಗಟ್ಟಿಯಾಗುತ್ತದೆ. ಪರೀಕ್ಷೆಯ ಮೇಜಿಗೆ ಬರುವ ಹೊತ್ತಿಗೆ ಅದು ನೆಲದಲ್ಲಿದ್ದಾಗಿನ ಕಲ್ಲಾಗಿ ಉಳಿದಿರುವುದಿಲ್ಲ. ಅದರ ಅಡಿಯ ಶೇಡಿ ಒಣಗಿದ್ದಾಗ ಲಂಬ ಗೋಡೆಯಂತೆ ನಿಲ್ಲುತ್ತದೆ, ಮಳೆಗಾಲದಲ್ಲಿ ನೆನೆದರೆ ಕುಸಿಯುತ್ತದೆ. ಗುಡ್ಡ ಕಡಿದ ಜಾಗದಲ್ಲಿ ಮೇಲಿನ ಮುರಕಲ್ಲಿನ ಬಲ ಅಳೆದು ಇಳಿಜಾರನ್ನು ಕಡಿದಾಗಿ ನಿಲ್ಲಿಸುವುದೆಂದರೆ ಮಾಡಿನ ಗಟ್ಟಿತನ ನೋಡಿ ಗೋಡೆಯ ಬಗ್ಗೆ ತೀರ್ಪು ಕೊಟ್ಟಂತೆ.

ಕೋಲಾರದ ಚಿನ್ನದ ಗಣಿಗಳು ಇದರ ತಲೆಕೆಳಗಾದ ಉದಾಹರಣೆ. ಚಾಂಪಿಯನ್ ರೀಫ್‌ನಲ್ಲಿ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಮೇಲಿನ ಬಂಡೆಯ ಭಾರವೊಂದೇ ಸುಮಾರು 80 ಮೆಗಾಪಾಸ್ಕಲ್. ಅಲ್ಲಿನ ಹಾರ್ನ್‌ಬ್ಲೆಂಡ್ ಶಿಸ್ಟ್ ಗಟ್ಟಿ, ಬಲಿಷ್ಠ. ಆ ಬಲವೇ ಅಲ್ಲಿ ಅಪಾಯ: ಮೆತು ಕಲ್ಲು ಮೆಲ್ಲನೆ ಬಾಗಿ ಒತ್ತಡ ಬಿಟ್ಟುಕೊಡುತ್ತದೆ, ಗಟ್ಟಿ, ಪೆಡಸು ಕಲ್ಲು ಅದನ್ನೆಲ್ಲ ಹಿಡಿದಿಟ್ಟುಕೊಂಡು ಒಮ್ಮೆಲೇ ಸಿಡಿಯುತ್ತದೆ. ಮೇಲಿನ ಊರೇ ನಡುಗುವಂಥ ಶಿಲಾಸಿಡಿತಗಳು ಕೆಜಿಎಫ್‌ನಲ್ಲಿ ದಶಕಗಳ ಕಾಲ ನಡೆದವು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಅಲ್ಲೇ. ಆ ಗಣಿಯ ಬಂಡೆಯನ್ನು ಬಲದ ಕೋಷ್ಟಕದ ಮೇಲುಸಾಲಿನಲ್ಲಿ ಕೂರಿಸಿ ‘ಉತ್ತಮ’ ಎನ್ನುವ ವರ್ಗೀಕರಣಕ್ಕೆ ಎಂಜಿನಿಯರಿಂಗ್ ಅರ್ಥವೇ ಇಲ್ಲ. ಬಲಕ್ಕೆ ಅರ್ಥ ಬರುವುದು ಅದನ್ನು ಸ್ಥಳದ ಒತ್ತಡದಿಂದ ಭಾಗಿಸಿದಾಗ. 1974ರಲ್ಲಿ ಬಾರ್ಟನ್ ಮತ್ತು ಸಂಗಡಿಗರು ಶಿಲಾರಾಶಿಯ ವರ್ಗೀಕರಣಕ್ಕಾಗಿ ರೂಪಿಸಿದ ಕ್ಯೂ ಪದ್ಧತಿ ಇದನ್ನು ಸರಿಯಾಗಿ ಗ್ರಹಿಸಿತ್ತು. ಅದರ ಮೂಲ ಸೂತ್ರದಲ್ಲಿ ತುಂಡಿನ ಬಲಕ್ಕೆ ಸ್ವತಂತ್ರ ಸ್ಥಾನವೇ ಇಲ್ಲ, ಒತ್ತಡದೊಂದಿಗಿನ ಅನುಪಾತವಾಗಿ ಮಾತ್ರ ಒಂದು ಮೂಲೆಯಲ್ಲಿ ಬರುತ್ತದೆ.

ಇಲ್ಲಿ ಎದುರಾಗುವ ಆಕ್ಷೇಪ ಒಂದಿದೆ: ಬಲವನ್ನೊಂದನ್ನೇ ಈಗ ಯಾರು ಬಳಸುತ್ತಾರೆ, ಶಿಲಾರಾಶಿಗೆ ಅಂಕ ಕೊಡುವ ಬೀನಿಯಾವ್‌ಸ್ಕಿಯ ಆರ್‌ಎಂಆರ್ ಪದ್ಧತಿಯಲ್ಲಿ ಅದು ಇತರ ಅಂಶಗಳ ಜೊತೆ ಸೇರಿಯೇ ಬರುತ್ತದಲ್ಲ? ಭಾರತೀಯ ಮಾನಕ 13365 ಕೂಡ ಅದನ್ನೇ ಅಳವಡಿಸಿಕೊಂಡಿದೆ. ಸರಿ, ಅದೇ ಲೆಕ್ಕ ಹಾಕಿ ನೋಡಬಹುದು. 150 ಮೆಗಾಪಾಸ್ಕಲ್ ಗ್ರಾನೈಟ್‌ಗೆ ಬಲಕ್ಕಾಗಿ 12 ಅಂಕ. ಅದರ ಆರ್‌ಕ್ಯೂಡಿ, ಅಂದರೆ ಕೋರಿನಲ್ಲಿ ಉದ್ದ ತುಂಡುಗಳ ಶೇಕಡಾವಾರು ಪಾಲು, 60 ಆದರೆ 13, ಬಿರುಕಿನ ಅಂತರ 20ರಿಂದ 60 ಸೆಂಟಿಮೀಟರ್ ಆದರೆ 10, ಬಿರುಕಿನ ಮುಖ ಜಾರಿ ನುಣುಪಾಗಿದ್ದರೆ 10, ನೀರು ತೊಟ್ಟಿಕ್ಕುತ್ತಿದ್ದರೆ 4. ಒಟ್ಟು 49. ಬಿರುಕಿನ ವಾಲು ಸುರಂಗಕ್ಕೆ ಪ್ರತಿಕೂಲವಾದರೆ 10 ಕಳೆದು 39, ‘ಕಳಪೆ’ ವರ್ಗ. ಈ ಗ್ರಾನೈಟ್‌ನ ಬಲ 250 ದಾಟಿದ್ದರೂ ಸಿಗುವ ಹೆಚ್ಚುವರಿ ಅಂಕ ಮೂರೇ ಮೂರು. ಇನ್ನೊಂದು ತುದಿಯಲ್ಲಿ, 30 ಮೆಗಾಪಾಸ್ಕಲ್‌ನ ಮರಳುಗಲ್ಲಿನಲ್ಲಿ ಬಿರುಕು ವಿರಳವಾಗಿದ್ದು ಅದು ಒಣಗಿದ್ದರೆ ಬಲಕ್ಕೆ 4, ಆರ್‌ಕ್ಯೂಡಿಗೆ 20, ಅಂತರಕ್ಕೆ 20, ಬಿರುಕಿನ ಸ್ಥಿತಿಗೆ 25, ನೀರಿಗೆ 15, ಒಟ್ಟು 84. ‘ಬಹಳ ಒಳ್ಳೆಯ’ ವರ್ಗ. ಅದೇ ಮರಳುಗಲ್ಲಿನಲ್ಲಿ ಒಂದು ಕಿಲೋಮೀಟರ್ ಆಳಕ್ಕೆ ದುಂಡು ಸುರಂಗ ಕೊರೆದರೆ ಸುತ್ತಲಿನ ಗೋಡೆಯ ಮೇಲೆ ಸುಮಾರು 54 ಮೆಗಾಪಾಸ್ಕಲ್ ಒತ್ತಡ ಬಂದು ಕಲ್ಲು ಸೋಲುತ್ತದೆ. ಬಲ ಎಲ್ಲಿ ಮುಖ್ಯವಲ್ಲವೋ ಅಲ್ಲಿ ಅಂಕ ತರುತ್ತದೆ, ಎಲ್ಲಿ ನಿರ್ಣಾಯಕವೋ ಅಲ್ಲಿ ಅದರ ದನಿಯೇ ಕೇಳಿಸುವುದಿಲ್ಲ. ಇದಲ್ಲದೆ, ಬಲ ಈಗಾಗಲೇ ಸೇರಿಕೊಂಡಿರುವ ಆರ್‌ಎಂಆರ್ ಅಂಕವನ್ನು ಹೋಕ್-ಬ್ರೌನ್ ಸೂತ್ರಕ್ಕೆ ಹಾಕಿ ಮತ್ತೊಮ್ಮೆ ಅದೇ ಬಲದಿಂದ ಗುಣಿಸಿದರೆ ಒಂದನ್ನೇ ಎರಡು ಸಲ ಎಣಿಸಿದಂತೆ. ಜಿಎಸ್‌ಐ ಬೇಕಾದದ್ದಕ್ಕೆ ಒಂದು ಕಾರಣ ಇದೂ ಹೌದು.

ಎರಡನೆಯ ಆಕ್ಷೇಪ ವಸ್ತುನಿಷ್ಠತೆಯದು. ಯಂತ್ರದ ಅಂಕಿ ಯಾರು ಓದಿದರೂ ಒಂದೇ, ಬಿರುಕಿನ ಒರಟುತನ ಮಾತ್ರ ನೋಡುವವರ ಕಣ್ಣಿಗೆ ಬಿಟ್ಟದ್ದು ಎಂಬ ವಾದ. ವಾದದಲ್ಲಿ ಅರ್ಧ ಸತ್ಯವಿದೆ. ಕಣ್ಣಳತೆಯ ಅಂಶಗಳಲ್ಲಿ ದೋಷ ಇದ್ದೇ ಇದೆ. ಎಣಿಕೆಯಂತೆ ಕಾಣುವ ಆರ್‌ಕ್ಯೂಡಿ ಕೂಡ 11 ಸೆಂಟಿಮೀಟರಿಗೊಂದು ಬಿರುಕಿರುವ ಬಂಡೆಗೆ 100, 9 ಸೆಂಟಿಮೀಟರಿಗೊಂದು ಇದ್ದರೆ ಸೊನ್ನೆ ಕೊಡುವ ವಿಚಿತ್ರ ಅಳತೆ. ನೆಟ್ಟಗೆ ಕೊರೆದ ಬೋರಿಗೆ ನೆಟ್ಟಗಿನ ಬಿರುಕುಗಳು ಸಿಗುವುದೇ ಅಪರೂಪ ಎಂದು ರೂತ್ ಟರ್ಜಾಗಿ 1965ರಲ್ಲೇ ತೋರಿಸಿದ್ದರು. ಆದರೆ ಈ ದೋಷಗಳಿಗೆ ಮದ್ದು ಓರೆ ಬೋರುಗಳು, ತೆರೆದ ಬಂಡೆಮುಖದ ನಕ್ಷೆ, ಇಬ್ಬರು ಭೂವಿಜ್ಞಾನಿಗಳ ಪ್ರತ್ಯೇಕ ದಾಖಲೆ. ಮುಖ್ಯವಾದದ್ದನ್ನು ನಿಖರವಾಗಿ ಅಳೆಯಲಾಗದೆಂದು ಅಮುಖ್ಯವಾದದ್ದನ್ನು ನಿಖರವಾಗಿ ಅಳೆದು ಅದರ ಜಾಗದಲ್ಲಿಡುವುದು ವಸ್ತುನಿಷ್ಠತೆ ಅಲ್ಲ. ಅಸಲಿಗೆ ಈ ಒಲವಿನ ಹಿಂದೆ ವಿಜ್ಞಾನಕ್ಕಿಂತ ಟೆಂಡರಿನ ಒತ್ತಡ ಹೆಚ್ಚು. ಪ್ರಯೋಗಾಲಯದ ಮೊಹರು ಬಿದ್ದ ಹಾಳೆಯನ್ನು ಬಿಲ್ಲಿಗೆ ಲಗತ್ತಿಸಬಹುದು. ‘ಬಿರುಕಿನಲ್ಲಿ ಜೇಡಿ ಇದೆ, ಜಾರಬಹುದು’ ಎಂಬ ಟಿಪ್ಪಣಿಗೆ ದರಪಟ್ಟಿಯಲ್ಲಿ ಕಲಂ ಇಲ್ಲ.

ಹಾಗೆಂದು ಬಲಪರೀಕ್ಷೆಯನ್ನು ಕೈಬಿಡಬೇಕಾಗಿಲ್ಲ. ಸುರಂಗ ಯಂತ್ರದ ಕಟರು ಎಷ್ಟು ಸವೆಯುತ್ತದೆ, ಡ್ರಿಲ್ ಎಷ್ಟು ಬೇಗ ಇಳಿಯುತ್ತದೆ ಎಂಬಲ್ಲಿ ತುಂಡಿನ ಬಲಕ್ಕೆ ನೇರ ಪಾತ್ರವಿದೆ, ಸವೆಸುಗುಣದ ಪರೀಕ್ಷೆಯೂ ಜೊತೆಗಿದ್ದರೆ. ಕಟ್ಟಡಕ್ಕೆ, ಜಲ್ಲಿಗೆ ಕಲ್ಲು ಆರಿಸುವಾಗಲೂ ಅದು ಬೇಕು. ಆಳದ ಸುರಂಗದಲ್ಲಿ ಒತ್ತಡದ ಜೊತೆಗಿನ ಅನುಪಾತವಾಗಿ ಅದು ಅನಿವಾರ್ಯ. ಶ್ಮಿಟ್ ಸುತ್ತಿಗೆಗೂ ಸರಿಯಾದ ಜಾಗ ಉಂಟು: ಬಿರುಕಿನ ಗೋಡೆಯ ಮೇಲೆ ಅದನ್ನು ಬಡಿದು ಆ ಗೋಡೆಯ ಬಲ ಅಂದಾಜಿಸಿ, ಒರಟುತನದ ಜೊತೆ ಸೇರಿಸಿ ಜಾರುವಿಕೆಯ ಪ್ರತಿರೋಧ ಲೆಕ್ಕಹಾಕುವುದನ್ನು ಬಾರ್ಟನ್ ತೋರಿಸಿಕೊಟ್ಟಿದ್ದಾರೆ.

ಬದಲಾಗಬೇಕಾದದ್ದು ಕ್ರಮ ಮತ್ತು ವರದಿಯ ರೀತಿ. ಮೊದಲು ಬಂಡೆಯ ರಚನೆಯ ನಕ್ಷೆ, ಬಿರುಕುಗಳ ಕುಟುಂಬಗಳು, ತುಂಬಿದ ವಸ್ತು, ನೀರು, ಒತ್ತಡ, ಆಮೇಲೆ ಬಲ. ಪ್ರತಿ ಬಲದ ಅಂಕಿಯ ಪಕ್ಕದಲ್ಲಿ ನಾಲ್ಕು ಮಾತು ಇರಬೇಕು: ಆ ಆಳದ ಕೋರಿನಲ್ಲಿ ಮಾದರಿಗೆ ಒದಗದೆ ಉಳಿದ ಭಾಗ ಎಷ್ಟು, ಪದರಕ್ಕೂ ಭಾರಕ್ಕೂ ಇದ್ದ ಕೋನ ಎಷ್ಟು, ಕಲ್ಲು ಒಣಗಿತ್ತೋ ನೆನೆದಿತ್ತೋ, ಮಾದರಿ ಒಡೆದದ್ದು ಹೊಸದಾಗಿಯೋ ಹಳೆಯ ಬಿರುಕಿನ ಗುಂಟವೋ. ಹಳೆಯ ಬಿರುಕಿನ ಗುಂಟ ಒಡೆದವನ್ನು ‘ಅಸಿಂಧು’ ಎಂದು ಎತ್ತಿಹಾಕುವ ಅಭ್ಯಾಸ ಮೊದಲು ನಿಲ್ಲಬೇಕು. ರಾಶಿಯ ಬಗ್ಗೆ ಏನಾದರೂ ಹೇಳುವ ಮಾದರಿಗಳು ಅವೇ. ಸುರಂಗದಲ್ಲಾದರೆ ಪ್ರತಿ ಸ್ಫೋಟದ ನಂತರ ತೆರೆದುಕೊಂಡ ಮುಖವನ್ನು ಭೂವಿಜ್ಞಾನಿ ನೋಡಿ, ವರ್ಗವನ್ನು ಹೊಸದಾಗಿ ಬರೆದು, ಆಧಾರವನ್ನು ಅದರಂತೆ ಹೆಚ್ಚುಕಡಿಮೆ ಮಾಡುವ ಅಧಿಕಾರ ಕರಾರಿನಲ್ಲೇ ಇರಬೇಕು, ಅದಕ್ಕೆ ಪಾವತಿಯ ಕಲಮೂ ಇರಬೇಕು.